‘ಡ್ಯಾಮೇಜ್’ ಒಂದೇ ಪದ ಸಾಲಲ್ಲ: ಸರಿ ಇಲ್ಲದ್ದನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಹೇಳುವುದು ಹೇಗೆ

ಸೋಮವಾರಪೇಟೆ ಕಡೆ ನಮ್ಮದೊಂದು ಎರಡು ರೂಮಿನ ಹೋಮ್‌ಸ್ಟೇ ಇದೆ. ಸುತ್ತ ಸ್ವಲ್ಪ ಕಾಫಿ, ನೆರಳಿನ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಬರುವ ಅತಿಥಿಗಳಲ್ಲಿ ಎಷ್ಟೋ ಜನಕ್ಕೆ ಕನ್ನಡ ಬರಲ್ಲ, ಹಾಗಾಗಿ ದಿನಾ ಮೂರ್ನಾಲ್ಕು ಮೆಸೇಜಾದರೂ ಇಂಗ್ಲಿಷಿನಲ್ಲಿ ಬರೆಯಲೇಬೇಕು. ಒಳ್ಳೆಯದನ್ನು ಹೇಳುವುದು ಸುಲಭ. ನೈಸ್, ಕ್ಲೀನ್, ಬ್ಯೂಟಿಫುಲ್ ಅಂದರೆ ಆಯಿತು. ಸರಿ ಇಲ್ಲದ್ದನ್ನು ಸರಿಯಾಗಿ ಹೇಳುವುದೇ ಕಷ್ಟ.

ಒಂದು ಜುಲೈ ತಿಂಗಳಲ್ಲಿ ನಾನು ಹೀಗೆ ಬರೆದಿದ್ದೆ: ‘ದೇರ್ ಆರ್ ಸಮ್ ಡ್ಯಾಮೇಜಸ್ ಇನ್ ದ ರೂಮ್. ಗೀಸರ್ ಈಸ್ ಅಂಡರ್ ರಿಪೇರ್.’ ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ: ಮೇಜಿನ ಮೇಲೆ ಎರಡು ಗೀರು ಇವೆ, ಗೀಸರ್ ಕೆಟ್ಟು ಕೂತಿದೆ. ಓದಿದವರು ಹೊರದೇಶದಿಂದ ಬರುವ ವಯಸ್ಸಾದ ದಂಪತಿ. ‘ಡ್ಯಾಮೇಜಸ್’ ನೋಡಿ ಅವರು ‘ನಾವು ಏನಾದರೂ ಹಣ ಕಟ್ಟಬೇಕಾ’ ಅಂತ ಕೇಳಿದರು. ‘ಅಂಡರ್ ರಿಪೇರ್’ ನೋಡಿ, ಯಾರೋ ಸರಿ ಮಾಡ್ತಿದ್ದಾರೆ, ನಾವು ಹೋಗುವಷ್ಟರಲ್ಲಿ ಆಗಿರುತ್ತೆ ಅಂದುಕೊಂಡರು. ಸುರಿಯುವ ಮಳೆಯಲ್ಲಿ ನೆನೆದು ಬಂದರು, ಬಿಸಿನೀರು ಇರಲಿಲ್ಲ. ಹಿತ್ತಲಿನ ಹಂಡೆಗೆ ಸೌದೆ ಹಾಕಿ ನೀರು ಕಾಯಿಸಿ ಕೊಟ್ಟೆವು. ಅವರು ಒಂದು ಮಾತೂ ಆಡಲಿಲ್ಲ. ಆದರೆ ಅವರು ಚಳಿಗೆ ನಡುಗಿದ್ದು ನನ್ನ ಒಂದು ತಪ್ಪು ಪದದಿಂದ ಅನ್ನುವುದು ನನಗೆ ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ ಈ ಪದಗಳನ್ನು ಒಂದೊಂದಾಗಿ ಕಲಿಯುತ್ತಾ ಬಂದೆ. ಹೋಮ್‌ಸ್ಟೇ ನಡೆಸುವವರಿಗೆ, ಕಾಫಿ, ಜೇನು, ಕಿತ್ತಳೆ ಮಾರುವವರಿಗೆ, ಬಾಡಿಗೆ ಮನೆ ಕೊಡುವವರಿಗೆ ಇದು ಕೆಲಸಕ್ಕೆ ಬರುತ್ತೆ.

ಮೊದಲು ಕನ್ನಡದಲ್ಲೇ ಕೇಳಿಕೊಳ್ಳಿ

ಇಂಗ್ಲಿಷ್ ಪದ ಹುಡುಕುವ ಮೊದಲು ವಸ್ತುವಿನ ಮುಂದೆ ನಿಂತು ಒಂದು ಪ್ರಶ್ನೆ ಕೇಳಿ: ಇದು ಹೀಗಾದದ್ದು ಹೇಗೆ? ‘ಹಾಳಾಗಿದೆ’ ಅಂತ ನಾವು ಎಲ್ಲಕ್ಕೂ ಹೇಳಿಬಿಡ್ತೀವಿ. ಇಂಗ್ಲಿಷಿನಲ್ಲಿ ಕಾರಣ ಬದಲಾದರೆ ಪದವೂ ಬದಲಾಗುತ್ತೆ.

ಮಾಡುವಾಗಲೇ ಬಂದ ಐಬಾದರೆ ‘ಡಿಫೆಕ್ಟ್’ ಅಥವಾ ‘ಫ್ಲಾ’. ಚೆನ್ನಾಗಿದ್ದದ್ದು ಆಮೇಲೆ ಬಿದ್ದೋ, ನೆನೆದೋ, ಯಾರೋ ಗುದ್ದಿಯೋ ಕೆಟ್ಟಿದ್ದರೆ ‘ಡ್ಯಾಮೇಜ್’. ಯಾರ ತಪ್ಪೂ ಇಲ್ಲದೆ ದಿನಾ ಬಳಸಿ ಸವೆದದ್ದಾದರೆ ‘ವೇರ್ ಅಂಡ್ ಟೇರ್’. ಕೆಲಸಕ್ಕೇನೂ ತೊಂದರೆ ಇಲ್ಲ, ನೋಡೋಕೆ ಮಾತ್ರ ಒಂದು ಕಲೆ ಅಂದರೆ ‘ಬ್ಲೆಮಿಷ್’. ಮೆಷಿನ್ನೋ ವೈರಿಂಗೋ ಕೆಲಸ ಮಾಡದೆ ಕೈಕೊಟ್ಟರೆ ‘ಫಾಲ್ಟ್’.

ಇವುಗಳಲ್ಲಿ ಹಣದ ವಿಷಯಕ್ಕೆ ಬರುವುದು ‘ವೇರ್ ಅಂಡ್ ಟೇರ್’. ಬಾಡಿಗೆ ಕರಾರಿನಲ್ಲಿ ಈ ಪದ ಇದ್ದರೆ, ಸವೆದ ನೆಲಕ್ಕೂ ಮಾಸಿದ ಬಣ್ಣಕ್ಕೂ ಬಾಡಿಗೆಯವರ ಅಡ್ವಾನ್ಸಿನಿಂದ ಹಣ ಹಿಡಿಯುವ ಹಾಗಿಲ್ಲ ಅಂತ ಅರ್ಥ. ಒಡೆದ ಕಿಟಕಿ ಗಾಜು ‘ಡ್ಯಾಮೇಜ್’, ಅದರ ಲೆಕ್ಕ ಬೇರೆ. ಹಾಗಾಗಿ ಕರಾರು ಬರೆಯುವಾಗ ಎರಡನ್ನೂ ಬೆರೆಸಬೇಡಿ.

ಇನ್ನು ‘ಡ್ಯಾಮೇಜ್’ ಪದಕ್ಕೆ ಬಹುವಚನ ಹಚ್ಚಬೇಡಿ. ಹತ್ತು ಕಡೆ ಕೆಟ್ಟಿದ್ದರೂ ‘ಸಮ್ ಡ್ಯಾಮೇಜ್’ ಅಷ್ಟೇ. ‘ಡ್ಯಾಮೇಜಸ್’ ಅಂದರೆ ಕೋರ್ಟು ಕೊಡಿಸುವ ಪರಿಹಾರದ ಹಣ. ನನ್ನ ಅತಿಥಿಗಳು ದುಡ್ಡಿನ ಮಾತೆತ್ತಿದ್ದು ಇದೇ ಕಾರಣಕ್ಕೆ.

ಫ್ಲಾ, ಡಿಫೆಕ್ಟ್, ಫಾಲ್ಟ್: ಮೂರೂ ಒಂದೇ ಅಲ್ಲ

‘ಫ್ಲಾ’ ಸ್ಕ್ಯಾಂಡಿನೇವಿಯಾ ಕಡೆಯ ಹಳೆಯ ಪದದಿಂದ ಬಂದದ್ದು. ಮೊದಲು ಅದಕ್ಕೆ ಕಲ್ಲಿನ ಚಪ್ಪಡಿ, ಚಕ್ಕೆ ಅನ್ನುವ ಅರ್ಥ ಇತ್ತು, ಆಮೇಲೆ ಬಿರುಕು ಅನ್ನುವ ಅರ್ಥ ಬಂತು. ಇದನ್ನು ನೆನಪಿಟ್ಟರೆ ಬಳಕೆ ತಾನಾಗಿ ಗೊತ್ತಾಗುತ್ತೆ. ಹೊರಗೆ ಗಟ್ಟಿಯಾಗಿ ಕಾಣುವ ವಸ್ತುವಿನ ಒಳಗೆ ಒಂದು ಎಳೆ ದುರ್ಬಲವಾಗಿದೆ, ಅದು ‘ಫ್ಲಾ’. ವಜ್ರಕ್ಕೆ ಹೇಳಬಹುದು, ಗಾಜಿಗೆ ಹೇಳಬಹುದು, ಒಂದು ಯೋಜನೆಗೆ, ವಾದಕ್ಕೆ, ಮನುಷ್ಯನ ಸ್ವಭಾವಕ್ಕೂ ಹೇಳಬಹುದು. ‘ದೇರ್ ಈಸ್ ಎ ಫ್ಲಾ ಇನ್ ಯುವರ್ ಪ್ಲಾನ್’ ಅಂದರೆ ಪ್ಲಾನ್ ಮೇಲೆ ನೋಡೋಕೆ ಚೆನ್ನಾಗಿದೆ, ಒಳಗೆಲ್ಲೋ ಒಂದು ಕಡೆ ಕುಸಿಯುತ್ತೆ ಅಂತ. ಆದರೆ ಕೆಟ್ಟ ಸ್ವಿಚ್ಚಿಗೆ ‘ಫ್ಲಾಡ್ ಸ್ವಿಚ್’ ಅನ್ನಲ್ಲ. ಅದು ‘ಫಾಲ್ಟಿ ಸ್ವಿಚ್’.

‘ಫಾಲ್ಟ್’ ಪದವನ್ನು ನಮ್ಮ ಲೈನ್‌ಮ್ಯಾನ್‌ಗಳು ಸರಿಯಾಗಿಯೇ ಬಳಸ್ತಾರೆ. ಮಳೆಗಾಲದಲ್ಲಿ ತಂತಿ ಮೇಲೆ ಕೊಂಬೆ ಬಿದ್ದು ಕರೆಂಟ್ ಹೋದಾಗ ‘ಫಾಲ್ಟ್ ಎಲ್ಲಿ ಅಂತ ಹುಡುಕ್ತಿದೀವಿ’ ಅನ್ನುತ್ತಾರಲ್ವಾ, ಅದೇ ಅರ್ಥ. ಒಂದು ಎಚ್ಚರ ಮಾತ್ರ ಬೇಕು. ಯಾರ ತಪ್ಪು ಅಂತ ಹೇಳೋಕೂ ಇದೇ ಪದ ಬರುತ್ತೆ. ‘ಫಾಲ್ಟ್ ಇನ್ ದ ಹೀಟರ್’ ಅಂದರೆ ಹೀಟರಿನ ದೋಷ. ‘ಯುವರ್ ಫಾಲ್ಟ್’ ಅಂದರೆ ನಿಮ್ಮದೇ ತಪ್ಪು. ಅತಿಥಿಗೆ ಬರೆಯುವಾಗ ‘ಯುವರ್ ರೂಮ್ ಫಾಲ್ಟ್’ ಅಂತೆಲ್ಲ ಅವಸರದಲ್ಲಿ ಹೊಡೆದರೆ ಓದುವವರಿಗೆ ಚುರುಕ್ಕನ್ನುತ್ತೆ. ‘ದ ಹೀಟರ್ ಇನ್ ಯುವರ್ ರೂಮ್ ಈಸ್ ನಾಟ್ ವರ್ಕಿಂಗ್’ ಅಂತ ಪೂರ್ತಿ ಬರೆಯಿರಿ. ‘ಫೈಂಡ್ ಫಾಲ್ಟ್ ವಿತ್’ ಅಂದರೆ ಕೊಂಕು ಹುಡುಕುವುದು. ಅದರಲ್ಲಿ ‘ವಿತ್’ ಬಿಡಬೇಡಿ.

‘ಡಿಫೆಕ್ಟ್’ ಲ್ಯಾಟಿನ್ ಮೂಲದ್ದು. ಅಲ್ಲಿ ಕೈಕೊಡುವುದು, ಕಡಿಮೆ ಬೀಳುವುದು ಅನ್ನುವ ಅರ್ಥ ಇತ್ತು. ಕಡಿಮೆ ಬಿತ್ತು ಅನ್ನಬೇಕಾದರೆ ಇಷ್ಟಿರಬೇಕು ಅಂತ ಒಂದು ಅಳತೆ ಬೇಕಲ್ವಾ? ಈ ಪದದ ಜೀವ ಇರುವುದೇ ಅಲ್ಲಿ. ಅಳತೆ ಇಲ್ಲದ ಕಡೆ ಡಿಫೆಕ್ಟ್ ಅನ್ನುವುದಕ್ಕೆ ಅರ್ಥ ಇಲ್ಲ. ನನಗೆ ಇದು ಪೂರ್ತಿ ಅರ್ಥವಾದದ್ದು ಕಾಫಿ ಬೀಜದ ಮುಂದೆ ಕೂತಾಗ.

ಒಂದು ತಟ್ಟೆ ಕಾಫಿ ಬೀಜ

ಪಕ್ಕದ ತೋಟದ ಮಾವ ಒಂದು ಸಂಜೆ ಕರಿಯ ಬಟ್ಟೆ ಹಾಸಿ, ಅದರ ಮೇಲೆ ಹಸಿ, ಅಂದರೆ ಇನ್ನೂ ಹುರಿಯದ, ಕಾಫಿ ಬೀಜ ಸುರಿದು ಆರಿಸ್ತಾ ಕೂತಿದ್ದರು. ಒಂದೊಂದನ್ನೇ ಬೆರಳಲ್ಲಿ ಹೊರಳಿಸಿ ನೋಡೋದು, ಪಕ್ಕಕ್ಕೆ ಇಡೋದು. ಪೂರ್ತಿ ಕಪ್ಪಾದದ್ದು ಒಂದು ಗುಂಪು. ಒಡೆದದ್ದು ಇನ್ನೊಂದು. ಸೂಜಿ ಚುಚ್ಚಿದ ಹಾಗೆ ತೂತು ಇರುವುದು, ಅಂದರೆ ಬೋರರ್ ಹುಳ ಕೊರೆದದ್ದು, ಬೇರೆ. ‘ಎಲ್ಲಾನೂ ಡ್ಯಾಮೇಜ್ ಅಂತ ಒಂದೇ ಸಾಲು ಬರೆದರೆ ಆಗಲ್ವಾ ಮಾವ’ ಅಂದೆ. ‘ಕೊಳ್ಳೋರು ಲೆಕ್ಕ ಕೇಳ್ತಾರೆ ಕಣಮ್ಮ, ಕಥೆ ಅಲ್ಲ’ ಅಂದರು.

ಲೆಕ್ಕ ಹೀಗಿದೆ. ಸ್ಪೆಷಾಲ್ಟಿ ಕಾಫಿಯವರು, ಅಂದರೆ ಮೇಲ್ದರ್ಜೆಯ ಕಾಫಿ ಆರಿಸಿ ಮಾರುವವರು, ಬಹಳ ವರ್ಷಗಳಿಂದ ಬಳಸಿಕೊಂಡು ಬಂದಿರುವ ಕ್ರಮದಲ್ಲಿ 350 ಗ್ರಾಂ ಹಸಿ ಬೀಜ ತೆಗೆದುಕೊಂಡು ಆರಿಸುತ್ತಾರೆ. ಪೂರ್ತಿ ಕಪ್ಪಾದ ಒಂದು ಬೀಜ ಅಂದರೆ ಒಂದು ಪೂರ್ತಿ ಡಿಫೆಕ್ಟ್. ಒಡೆದದ್ದಾದರೆ 5 ಬೀಜ ಸೇರಿ ಒಂದು. ಬೋರರ್ ಸ್ವಲ್ಪ ಮಾತ್ರ ಕೊರೆದಿದ್ದರೆ 10 ಬೀಜ ಸೇರಿ ಒಂದು. ಕಪ್ಪು ಬೀಜದಂಥ ದೊಡ್ಡ ದೋಷ ಒಂದೂ ಇರಬಾರದು. ಸಣ್ಣವು ಸೇರಿ 5 ಪೂರ್ತಿ ಡಿಫೆಕ್ಟ್ ದಾಟಬಾರದು. ಆಗ ಮಾತ್ರ ಅದು ಸ್ಪೆಷಾಲ್ಟಿ. ಇಲ್ಲಿ ಡಿಫೆಕ್ಟ್ ಅನ್ನುವುದು ಬೈಗುಳ ಅಲ್ಲ, ಎಣಿಕೆ.

ಕುಡಿದು ನೋಡುವಾಗಲೂ ಹೀಗೇ. ಅವರು ಬಹಳ ವರ್ಷ ಬಳಸಿದ ಹಳೆಯ ಕ್ರಮದಲ್ಲಿ, ಕೆಟ್ಟ ವಾಸನೆ ಅಥವಾ ರುಚಿ ಗಮನಕ್ಕೆ ಬರುವಷ್ಟಿದ್ದು ಬಟ್ಟಲನ್ನು ಪೂರ್ತಿ ಮುಳುಗಿಸದಿದ್ದರೆ ಅದು ‘ಟೇಂಟ್’, ಬಟ್ಟಲಿಗೆ 2 ಅಂಕ ಕಳೀತಿದ್ದರು. ಬಾಯಿಗೆ ಇಡಲಾಗದಷ್ಟು ಜಾಸ್ತಿಯಾದರೆ ‘ಫಾಲ್ಟ್’, 4 ಅಂಕ. ನೋಡಿ, ದಿನದ ಮಾತಿನಲ್ಲಿ ಮೆಷಿನ್ನಿಗೆ ಹೇಳುವ ಫಾಲ್ಟ್ ಇಲ್ಲಿ ಬೇರೆಯೇ ತೂಕ ಪಡೆದಿದೆ. ಒಂದೊಂದು ಕಸುಬಿನವರು ಒಂದೊಂದು ಪದಕ್ಕೆ ತಮ್ಮದೇ ಅಳತೆ ಕಟ್ಟಿಕೊಂಡಿರುತ್ತಾರೆ. ಅವರ ಜೊತೆ ಮಾತಾಡುವಾಗ ಅವರ ಅಳತೆಯನ್ನೇ ಹಿಡಿಯಬೇಕು.

ಇನ್ನೊಂದು ವಿಷಯ. ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ, ಒಂದು ಬದಿ ಚಪ್ಪಟೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ಬೆಳೆದು ಗುಂಡಗಿರುತ್ತೆ. ಅದೇ ಪೀಬೆರ್ರಿ, ನಮ್ಮವರ ಬಾಯಲ್ಲಿ ಪಿಬಿ. ಮಿಕ್ಕ ಬೀಜದ ಹಾಗೆ ಇಲ್ಲ ಅಂತ ಇದನ್ನು ‘ಡಿಫೆಕ್ಟಿವ್’ ಅಂದರೆ ದೊಡ್ಡ ತಪ್ಪಾಗುತ್ತೆ, ಯಾಕಂದ್ರೆ ಅದನ್ನು ಬೇರೆ ಮಾಡಿ ಪ್ರತ್ಯೇಕ ಗ್ರೇಡಾಗಿಯೇ ಮಾರುತ್ತಾರೆ. ಇಂಥದ್ದಕ್ಕೆ ‘ನ್ಯಾಚುರಲ್ ವೇರಿಯೇಷನ್’ ಅನ್ನಿ. ಕೈಮಗ್ಗದ ಸೀರೆಯ ನೂಲು ಒಂದೆಡೆ ದಪ್ಪ, ಒಂದೆಡೆ ತೆಳು ಇರುವುದಕ್ಕೂ, ಜೇನಿನ ಬಣ್ಣ ಒಂದೊಂದು ಸಲ ಒಂದೊಂದು ಥರ ಇರುವುದಕ್ಕೂ ಇದೇ ಪದ. ಜೇನು ಹರಳುಗಟ್ಟಿದ್ದರೆ ‘ಕ್ರಿಸ್ಟಲೈಸ್ಡ್’ ಅಂತ ಬರೆಯಿರಿ. ‘ಸ್ಪಾಯ್ಲ್ಡ್’ ಅಂತ ಬರೆದರೆ ಒಳ್ಳೆಯ ಜೇನನ್ನೇ ಕೆಟ್ಟದ್ದು ಅಂತ ಹೇಳಿದ ಹಾಗಾಗುತ್ತೆ.

ಕೊಡಗಿನ ಕಿತ್ತಳೆಯ ಸಿಪ್ಪೆ ಮೇಲಿನ ಹಸಿರು ಹಳದಿ ಮಚ್ಚೆ, ಕಂದು ಗೀಟು ‘ಬ್ಲೆಮಿಷ್’. ಒಳಗಿನ ತೊಳೆಗೆ ಏನೂ ಆಗಿರಲ್ಲ. ‘ಸಮ್ ಬ್ಲೆಮಿಷಸ್ ಆನ್ ದ ಪೀಲ್’ ಅಂತ ಪೀಲ್ ಸೇರಿಸಿ ಬರೆದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತೆ.

ಕಣ್ಣಿಗೆ ಕಾಣುವುದನ್ನು ಕಂಡಂತೆ

‘ಡಿಫೆಕ್ಟ್’, ‘ಡ್ಯಾಮೇಜ್’ ಇವೆಲ್ಲ ದೊಡ್ಡ ಚೀಲದಂಥ ಪದಗಳು. ಸಾಧ್ಯವಾದಾಗೆಲ್ಲ ಚಿಕ್ಕ ಪದ ಬಳಸಿ. ನನ್ನ ಅನುಭವದಲ್ಲಿ ಚಿಕ್ಕ ಪದಕ್ಕೆ ಜನ ಹೆದರಲ್ಲ, ದೊಡ್ಡ ಪದಕ್ಕೆ ಹೆದರುತ್ತಾರೆ. ಕನ್ನಡದಲ್ಲಿ ಇದಕ್ಕೆಲ್ಲ ಚೊಕ್ಕ ಪದಗಳಿವೆ, ಅವನ್ನು ಹಿಡಿದೇ ಹೋಗಬಹುದು.

ಪಿಂಗಾಣಿ ಕಪ್ಪಿನ ಅಂಚಿನ ಮೇಲೆ ಬೆರಳಾಡಿಸಿ. ಒಂದು ಚೂರು ಎದ್ದು ಹೋಗಿ ಬೆರಳಿಗೆ ಒರಟಾಗಿ ಸಿಕ್ಕಿದರೆ ಅದು ಮುಕ್ಕು, ‘ಚಿಪ್ಡ್’. ಚೂರು ಹೋಗಿಲ್ಲ, ಗೆರೆ ಮಾತ್ರ ಇದೆ ಅಂದರೆ ಬಿರುಕು, ‘ಕ್ರ್ಯಾಕ್ಡ್’. ಗೆರೆ ಕೂದಲೆಳೆಯಷ್ಟಿದ್ದರೆ ‘ಹೇರ್‌ಲೈನ್ ಕ್ರ್ಯಾಕ್’. ಹಳೆ ಮನೆಯ ರೆಡ್ ಆಕ್ಸೈಡ್ ನೆಲದಲ್ಲಿ ಇರುವುದು ಸಾಮಾನ್ಯವಾಗಿ ಇದೇ. ಪಾತ್ರೆಯೋ ಕಾರಿನ ಬಾಗಿಲೋ ನೆಗ್ಗಿದ್ದರೆ ‘ಡೆಂಟ್’. ಗೀರು ‘ಸ್ಕ್ರ್ಯಾಚ್’. ಹೋಗದ ಕಲೆ ‘ಸ್ಟೇನ್’. ಬೆರಳು ತಾಗಿ ಆದ, ಒರೆಸಿದರೆ ಹೋಗುವ ಕಲೆ ‘ಸ್ಮಜ್’. ಬಣ್ಣ ಮಾಸಿದ್ದು ‘ಫೇಡೆಡ್’. ಸವೆದದ್ದು ‘ವೋರ್ನ್’. ಅಂಚಿನ ನೂಲು ಬಿಚ್ಚಿಕೊಂಡ ಟವೆಲ್ ‘ಫ್ರೇಡ್’.

ಇನ್ನು ನಮ್ಮ ಮಳೆಗಾಲಕ್ಕೇ ಬೇಕಾದ ಪದಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವು ದಿನಾ ಬೇಕು. ತೇವ ಕುಡಿದು ಉಬ್ಬಿದ ಬಾಗಿಲು ‘ಸ್ವೋಲನ್’. ಸೊಟ್ಟಗಾದ ಹಲಗೆ ‘ವಾರ್ಪ್ಡ್’. ಗೋಡೆಯ ತಂಪು ತೇವ ‘ಡ್ಯಾಂಪ್’. ಚಪ್ಪಲಿ, ಬೆಲ್ಟು, ಗೋಡೆ ಮೇಲೆ ಬರುವ ಬೂಷ್ಟು ‘ಮೋಲ್ಡ್’. ಮುಚ್ಚಿಟ್ಟ ಬೀರುವಿನ ಮುಗ್ಗಲು ವಾಸನೆ ‘ಮಸ್ಟಿ ಸ್ಮೆಲ್’. ಇದನ್ನು ‘ಬ್ಯಾಡ್ ಸ್ಮೆಲ್’ ಅಂತ ಬರೆದರೆ ಓದುವವರು ಏನೋ ಸತ್ತಿದೆ ಅಂದುಕೊಳ್ಳಬಹುದು. ಮಸ್ಟಿ ಅಂದರೆ ಮಳೆಗಾಲದ ಹಳೆ ಮನೆ ವಾಸನೆ ಅಂತ ಎಲ್ಲರಿಗೂ ಗೊತ್ತು.

ನಮ್ಮ ಕನ್ನಡದೊಳಗಿನ ಇಂಗ್ಲಿಷ್ ಮೋಸ ಮಾಡುತ್ತೆ

ಜಾಸ್ತಿ ಜಾಗ್ರತೆ ಬೇಕಾಗಿರುವುದು ಇಲ್ಲಿಯೇ. ಕೆಲವು ಪದಗಳು ಇಂಗ್ಲಿಷಿನವೇ, ಆದರೆ ನಮ್ಮ ಬಾಯಲ್ಲಿ ಅರ್ಥ ತಿರುಗಿಕೊಂಡಿವೆ.

‘ಗಾಡಿ ರಿಪೇರಿ ಆಗಿದೆ’ ಅಂದರೆ ನಮಗೆ ಗಾಡಿ ಕೆಟ್ಟಿದೆ ಅಂತ. ಇಂಗ್ಲಿಷಿನಲ್ಲಿ ‘ರಿಪೇರ್ಡ್’ ಅಂದರೆ ಸರಿಯಾಗಿದೆ ಅಂತ. ನೇರ ಉಲ್ಟಾ. ‘ಇನ್ ಗುಡ್ ರಿಪೇರ್’ ಅಂದರಂತೂ ವಸ್ತು ಒಳ್ಳೆಯ ಸ್ಥಿತಿಯಲ್ಲಿದೆ ಅಂತ ಅರ್ಥ. ಕೆಟ್ಟಿದ್ದರೆ ‘ಬ್ರೋಕನ್’ ಅಥವಾ ‘ನಾಟ್ ವರ್ಕಿಂಗ್’ ಅನ್ನಿ. ಗಾಡಿ ದಾರಿಯಲ್ಲಿ ನಿಂತಿದ್ದರೆ ‘ಬ್ರೋಕ್ ಡೌನ್’. ‘ಟಿವಿ ಕಂಪ್ಲೇಂಟ್ ಆಗಿದೆ’ ಅನ್ನುವುದೂ ಇದೇ ಥರ. ಕಂಪ್ಲೇಂಟ್ ಮಾಡುವುದು ಮನುಷ್ಯರು, ಟಿವಿ ಅಲ್ಲ.

‘ಡೂಪ್ಲಿಕೇಟ್’ ನಮಗೆ ನಕಲಿ ಮಾಲು. ಅವರಿಗೆ ಇನ್ನೊಂದು ಪ್ರತಿ. ಡೂಪ್ಲಿಕೇಟ್ ಬೀಗದ ಕೈಯಲ್ಲಿ ಮೋಸ ಏನೂ ಇಲ್ಲವಲ್ಲ. ನಕಲಿಗೆ ‘ಫೇಕ್’ ಅನ್ನಿ. ‘ಚೀಪ್’ ಅಂದರೆ ಬೆಲೆ ಕಡಿಮೆ ಮಾತ್ರ ಅಲ್ಲ, ಗುಣವೂ ಕಡಿಮೆ ಅನ್ನುವ ವಾಸನೆ ಇದೆ. ನಿಮ್ಮದೇ ರೂಮಿಗೆ ‘ರೀಸನಬಲ್’ ಅಥವಾ ‘ಅಫೋರ್ಡಬಲ್’ ಅನ್ನಿ. ‘ಮಗು ಡಲ್ ಆಗಿದೆ’ ಅಂತ ಅತಿಥಿಯ ಮಗುವಿನ ಬಗ್ಗೆ ಹೇಳಬೇಡಿ. ಡಲ್ ಅಂದರೆ ಅವರಿಗೆ ಮಂಕುಬುದ್ಧಿ ಅಂತ ಕೇಳಿಸುತ್ತೆ. ‘ಶಿ ಲುಕ್ಸ್ ಎ ಬಿಟ್ ಟೈರ್ಡ್’ ಸಾಕು.

‘ಲೋಕಲ್’ ಪದದ ಕಥೆ ನನ್ನ ಕಣ್ಣೆದುರೇ ನಡೆಯಿತು. ನಮ್ಮ ಅತಿಥಿಯೊಬ್ಬರನ್ನು ಜೇನು ಕೊಳ್ಳೋಕೆ ಒಂದು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ‘ಈಸ್ ದಿಸ್ ಲೋಕಲ್’ ಅಂತ ಅವರು ಆಸೆಯಿಂದ ಕೇಳಿದರು. ಅಂಗಡಿಯವರು ‘ನೋ ನೋ ಮೇಡಂ, ನಾಟ್ ಲೋಕಲ್, ಗುಡ್ ಕ್ವಾಲಿಟಿ’ ಅಂದರು. ಕಳಪೆ ಅಲ್ಲ ಅಂತ ಹೇಳಿದ್ದು ಅವರು. ಮೇಡಂಗೆ ಕೇಳಿಸಿದ್ದು, ಇದು ಕೊಡಗಿನದ್ದಲ್ಲ ಅಂತ. ಬಾಟಲಿ ವಾಪಸ್ ಇಟ್ಟುಬಿಟ್ಟರು. ಅದು ಇದೇ ಕಾಡಿನ ಜೇನು! ನಾನು ಬಿಡಿಸಿ ಹೇಳಿದ ಮೇಲೆ ಎರಡು ಬಾಟಲಿ ತೆಗೆದುಕೊಂಡರು. ಹಾಗಾಗಿ ಲೋಕಲ್ ಅನ್ನುವುದನ್ನು ಹೆಮ್ಮೆಯಿಂದ ಹೇಳಿ. ಕಳಪೆಗೆ ‘ಪೂರ್ ಕ್ವಾಲಿಟಿ’ ಅನ್ನಿ.

ಎಷ್ಟು ಕೆಟ್ಟಿದೆ ಅನ್ನುವುದನ್ನೂ ಹೇಳಿ

ಪದ ಸಿಕ್ಕಿತು. ಈಗ ಅದಕ್ಕೆ ತೂಕ ಹಚ್ಚಬೇಕು. ‘ಸ್ಲೈಟ್’ ಅಂದರೆ ಹುಡುಕಿದರೆ ಕಾಣುವಷ್ಟು. ‘ಮೈನರ್’ ಅಂದರೆ ಚಿಕ್ಕದು, ಬಳಕೆಗೆ ಅಡ್ಡಿಯಿಲ್ಲ. ‘ನೋಟಿಸಬಲ್’ ಅಂದರೆ ಕಣ್ಣಿಗೆ ಬಿದ್ದೇ ಬೀಳುತ್ತೆ. ‘ಸೀರಿಯಸ್’ ಅಂದರೆ ಬಳಸುವ ಹಾಗಿಲ್ಲ ಅಥವಾ ಬಳಸಿದರೆ ಅಪಾಯ.

ಒಂದೇ ಒಂದು ಅಕ್ಷರ ಇಲ್ಲಿ ಬಹಳ ಕೆಲಸ ಮಾಡುತ್ತೆ, ‘ಎ’. ‘ಎ ಫ್ಯೂ ಸ್ಕ್ರ್ಯಾಚಸ್’ ಅಂದರೆ ಕೆಲವು ಗೀರು ಇವೆ. ‘ಫ್ಯೂ ಸ್ಕ್ರ್ಯಾಚಸ್’ ಅಂದರೆ ಗೀರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ‘ಎ ಲಿಟಲ್ ಡ್ಯಾಮೇಜ್’, ‘ಲಿಟಲ್ ಡ್ಯಾಮೇಜ್’ ಇವೂ ಹಾಗೇ. ಹಳೆ ಬೈಕ್ ಮಾರುವಾಗ ಈ ‘ಎ’ ಬಿಟ್ಟುಹೋದರೆ, ಕೊಳ್ಳುವವರು ಬಂದು ನೋಡಿ ಸುಳ್ಳು ಹೇಳಿದಿರಿ ಅನ್ನುತ್ತಾರೆ.

ಯಂತ್ರ, ಬಾಗಿಲು, ನಲ್ಲಿ ಪೂರ್ತಿ ಕೆಟ್ಟಿಲ್ಲ, ಪೂರ್ತಿ ಸರಿಯೂ ಇಲ್ಲ ಅಂದಾಗ ‘ಕ್ವೈಟ್’ ಸಹಾಯಕ್ಕೆ ಬರುತ್ತೆ. ‘ಡಸಂಟ್ ಕ್ವೈಟ್ ಕ್ಲೋಸ್’ ಅಂದರೆ ಮುಚ್ಚುತ್ತೆ, ಆದರೆ ಕೊನೆಯ ಒಂದು ಚೂರು ಉಳಿಯುತ್ತೆ. ನನಗೆ ಬಹಳ ಇಷ್ಟವಾದ ಪದ ಇದು.

ಏನೂ ಕುಂದಿಲ್ಲ ಅನ್ನುವುದಕ್ಕೂ ಜೋಡಿ ನೋಡಿಕೊಳ್ಳಿ. ರೂಮು ‘ಸ್ಪಾಟ್‌ಲೆಸ್’, ವಜ್ರ ‘ಫ್ಲಾಲೆಸ್’, ಹೆಸರು ‘ಅನ್‌ಬ್ಲೆಮಿಷ್ಡ್’. ‘ಡಿಫೆಕ್ಟ್‌ಲೆಸ್’ ಅನ್ನಲ್ಲ, ‘ಡಿಫೆಕ್ಟ್ ಫ್ರೀ’ ಅನ್ನುತ್ತಾರೆ.

ರಸ್ತೆಯ ವಿಷಯದಲ್ಲಿ ಅಂದಾಜು ಬೇಡ

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿಯಲ್ಲಿ ಓಡಾಟ ನಿಂತದ್ದು ಕೊಡಗಿನವರು ಯಾರೂ ಮರೆಯಲ್ಲ. ಅಂಥ ಹೊತ್ತಲ್ಲಿ ‘ರೋಡ್ ಡ್ಯಾಮೇಜ್’ ಅಂತ ಎರಡು ಪದ ಕಳಿಸಿದರೆ, ಆ ಕಡೆಯವರು ಗುಂಡಿ ಬಿದ್ದಿದೆ ಅಂದುಕೊಂಡು ಹೊರಟೇಬಿಡಬಹುದು. ಗುಂಡಿಗೆ ‘ಪಾಟ್‌ಹೋಲ್ಸ್’. ಮರವೋ ಮಣ್ಣೋ ಬಿದ್ದು ಅಡ್ಡವಾಗಿದ್ದರೆ ‘ಬ್ಲಾಕ್ಡ್’. ರಸ್ತೆಯೇ ಕೊಚ್ಚಿಹೋಗಿದ್ದರೆ ‘ವಾಷ್ಡ್ ಅವೇ’. ಆಡಳಿತದವರು ಓಡಾಟ ನಿಲ್ಲಿಸಿದ್ದರೆ ‘ಕ್ಲೋಸ್ಡ್’. ಮಳೆಗಾಲದಲ್ಲಿ ಪ್ರಯಾಣಕ್ಕೆ ಹೊರಟವರಿಗೆ ಬರೆಯುವಾಗ ಈ ನಾಲ್ಕರಲ್ಲಿ ಯಾವುದು ಅಂತ ಗಟ್ಟಿ ಮಾಡಿಕೊಂಡೇ ಕಳಿಸಿ, ದಯವಿಟ್ಟು.

ಮನುಷ್ಯರ ಬಗ್ಗೆ

ವಸ್ತುವಿಗೆ ಹೇಳುವ ಪದವನ್ನು ಮನುಷ್ಯರ ದೇಹಕ್ಕೆ ಹಚ್ಚಬೇಡಿ. ಡಿಫೆಕ್ಟಿವ್, ಡ್ಯಾಮೇಜ್ಡ್ ಇವು ಸಲ್ಲವೇ ಸಲ್ಲ. ಹಿಂದೆ ಓಡುತ್ತಿದ್ದ ‘ಹ್ಯಾಂಡಿಕ್ಯಾಪ್ಡ್’ ಪದವನ್ನೂ ಈಗ ಬಿಟ್ಟಿದ್ದಾರೆ. ನಮ್ಮ ದೇಶದ 2016ರ ಕಾಯ್ದೆಯ ಹೆಸರಿನಲ್ಲೇ ‘ಪರ್ಸನ್ಸ್ ವಿತ್ ಡಿಸೆಬಿಲಿಟೀಸ್’ ಅಂತ ಇದೆ, ಹಾಗೆ ಬರೆಯಿರಿ. ಅತಿಥಿಗೆ ನಡೆಯಲು ಕಷ್ಟವಿದೆಯಾ ಅಂತ ಕೇಳಬೇಕಾದರೆ ಅವರ ಕಾಲಿನ ಮಾತೇ ಬೇಡ, ‘ವುಡ್ ಯು ಲೈಕ್ ಎ ರೂಮ್ ವಿತೌಟ್ ಸ್ಟೆಪ್ಸ್’ ಅಂತ ಕೇಳಿದರೆ ಸಾಕು. ಮುಖದ ಮಚ್ಚೆ ಹುಟ್ಟಿನಿಂದ ಬಂದಿದ್ದರೆ ‘ಬರ್ತ್‌ಮಾರ್ಕ್’, ಗಾಯ ಮಾಗಿ ಉಳಿದದ್ದು ‘ಸ್ಕಾರ್’. ಸ್ವಭಾವದ ಕೊರತೆಗೆ ‘ವೀಕ್‌ನೆಸ್’, ‘ಶಾರ್ಟ್‌ಕಮಿಂಗ್’ ಇವೆ. ಇವನ್ನು ನಮ್ಮ ಬಗ್ಗೆ ಹೇಳಿಕೊಳ್ಳಬಹುದು, ಬೇರೆಯವರ ಬಗ್ಗೆ ಬರೆಯುವಾಗ ತಡೆದು ಬರೆಯಬೇಕು.

ಕಳಿಸುವ ಮೊದಲು

ಮೆಸೇಜಿನಲ್ಲಿ ನಾಲ್ಕು ವಿಷಯ ಇವೆಯಾ ನೋಡಿ: ಏನಾಗಿದೆ, ಎಲ್ಲಿ, ಎಷ್ಟು, ಅದಕ್ಕೆ ನೀವೇನು ಮಾಡ್ತೀರಿ. ನಾಲ್ಕನೆಯದನ್ನು ನಾವು ಬಿಟ್ಟುಬಿಡ್ತೀವಿ, ಓದುವವರಿಗೆ ಬೇಕಾಗಿರುವುದು ಅದೇ. ‘ದ ಹೀಟರ್ ಈಸ್ ನಾಟ್ ವರ್ಕಿಂಗ್. ವಿ ವಿಲ್ ಬ್ರಿಂಗ್ ಹಾಟ್ ವಾಟರ್ ಟು ಯುವರ್ ರೂಮ್ ಅಟ್ ಸೆವೆನ್.’ ಇಷ್ಟಿದ್ದರೆ ಅವತ್ತಿನ ದಂಪತಿಗೆ ಸಾಕಾಗುತ್ತಿತ್ತು. ‘ಹೀಟರ್’ ಅಂತಲೇ ಬರೆಯಿರಿ ಅಥವಾ ‘ವಾಟರ್ ಹೀಟರ್’. ಅಮೆರಿಕದವರಿಗೆ ಗೀಸರ್ ಅಂದರೆ ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆ.

ನಮ್ಮ ಎರಡನೇ ರೂಮಿನ ಬಾತ್‌ರೂಮ್ ಬಾಗಿಲು ಹಳೆಯ ಮರದ್ದು, ಪ್ರತಿ ಮಳೆಗಾಲ ಉಬ್ಬುತ್ತೆ. ಮೊದಲು ‘ಡೋರ್ ಪ್ರಾಬ್ಲಮ್’ ಅಂತ ಬರೆಯುತ್ತಿದ್ದೆ, ಪ್ರತಿಯೊಬ್ಬರೂ ಏನು ಪ್ರಾಬ್ಲಮ್ ಅಂತ ಫೋನ್ ಮಾಡುತ್ತಿದ್ದರು. ಈಗ ಬಾಗಿಲ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ: ‘ದಿಸ್ ಡೋರ್ ಸ್ವೆಲ್ಸ್ ಇನ್ ದ ರೇನ್ಸ್ ಅಂಡ್ ಡಸಂಟ್ ಕ್ವೈಟ್ ಕ್ಲೋಸ್. ಲಿಫ್ಟ್ ಇಟ್ ಎ ಲಿಟಲ್ ಅಂಡ್ ಪುಶ್.’ ಹೋದ ಮಳೆಗಾಲದಲ್ಲಿ ಆ ರೂಮಿನಿಂದ ಬಾಗಿಲಿಗಾಗಿ ಒಂದು ಫೋನೂ ಬರಲಿಲ್ಲ. ರಾತ್ರಿ ಮಳೆ ಸದ್ದಿನ ನಡುವೆ, ಯಾರೋ ಬಾಗಿಲನ್ನು ಮೆಲ್ಲಗೆ ಎತ್ತಿ ತಳ್ಳುವುದು ಮಾತ್ರ ಕೇಳಿಸುತ್ತಿತ್ತು.